ಪುಳಿಯೋಗರೆ ಪುಡಿಯ ಜೊತೆ ಹೋಗುವ ಕಾಗದಗಳು

ಕಾಮಾಕ್ಷಿಪಾಳ್ಯದಲ್ಲಿ ಪುಳಿಯೋಗರೆ ಪುಡಿ, ಹುಳಿಪುಡಿ, ಚಟ್ನಿಪುಡಿ ತಯಾರಿಸುವ ಸಣ್ಣ ಘಟಕವೊಂದರ ಒಡತಿ ಒಂದು ದಿನ ನನ್ನ ಬಳಿ ಬಂದರು. ನ್ಯೂಜೆರ್ಸಿಯ ದಿನಸಿ ವ್ಯಾಪಾರಿಯೊಬ್ಬರು ಅವರಲ್ಲಿ 500 ಕಿಲೋ ಪುಳಿಯೋಗರೆ ಪುಡಿ ಕೇಳಿದ್ದರು. "ಯಾವ ಯಾವ ಸರ್ಟಿಫಿಕೇಟ್ ಬೇಕು ಅಂತ ಒಂದು ಪಟ್ಟಿ ಬರೆದುಕೊಡಿ ಸರ್, ಒಂದೊಂದಾಗಿ ಮಾಡಿಸ್ತೀನಿ" ಎಂದರು. ರಫ್ತಿನ ಕಾಗದಪತ್ರಗಳ ಕೆಲಸದಲ್ಲಿರುವ ನನಗೆ ಬಂದವರೆಲ್ಲ ಮೊದಲು ಕೇಳುವುದು ಈ ಪಟ್ಟಿಯನ್ನೇ. ನಾನು ಪಟ್ಟಿ ಬರೆಯಲಿಲ್ಲ. "ಇಂಗು ಯಾವುದು ಹಾಕ್ತೀರಿ ಮೇಡಂ?" ಎಂದು ಕೇಳಿದೆ.

ಅಂಗಡಿಯಲ್ಲಿ ಸಿಗುವ ಇಂಗು ಬಹುಪಾಲು ಬರೀ ಇಂಗಲ್ಲ. ಅಪ್ಪಟ ಇಂಗಿನ ರಾಳ ತುಂಬ ತೀಕ್ಷ್ಣವಾದುದರಿಂದ ಅದಕ್ಕೆ ಗೋಂದು, ಮೈದಾ ಅಥವಾ ಅಕ್ಕಿಹಿಟ್ಟು ಬೆರೆಸಿ ಮಾರುತ್ತಾರೆ. ಮೈದಾ ಬೆರೆತ ಇಂಗನ್ನು ಚಿಟಿಕೆಯಷ್ಟು ಹಾಕಿದರೂ ಪುಳಿಯೋಗರೆ ಪುಡಿಯಲ್ಲಿ ಗೋಧಿ ಸೇರಿದಂತಾಯಿತು. ಅಮೆರಿಕದ ಕಾನೂನು ಲೇಬಲ್ ಮೇಲೆ ಕಡ್ಡಾಯವಾಗಿ ಹೇಳಲೇಬೇಕೆನ್ನುವ ಒಂಬತ್ತು ಅಲರ್ಜಿಕಾರಕಗಳಲ್ಲಿ ಗೋಧಿಯೂ ಒಂದು. ಕಡಲೆಕಾಯಿ ಬೀಜ ಮತ್ತೊಂದು. ಎಳ್ಳು ಈ ಪಟ್ಟಿಗೆ ಸೇರಿದ್ದು 2023ರ ಜನವರಿ 1ರಿಂದ. ಅಂದರೆ ನಮ್ಮ ಮನೆಗಳಲ್ಲಿ ಯಾರೂ ಎರಡನೆಯ ಸಲ ಯೋಚಿಸದ ಒಂದು ಪುಡಿಯಲ್ಲಿ ಅಮೆರಿಕ ಹೆಸರಿಸಿರುವ ಮೂರು ಅಲರ್ಜಿಕಾರಕಗಳಿವೆ. ಅವುಗಳಲ್ಲಿ ಒಂದು ಇಂಗಿನೊಳಗೆ ಅಡಗಿ ಕುಳಿತಿದೆ.

ಅದೇ ಡಬ್ಬಿಯನ್ನು ಜರ್ಮನಿಗೆ ಕಳಿಸುವುದಾದರೆ ಲೆಕ್ಕ ಬದಲಾಗುತ್ತದೆ. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ ಹದಿನಾಲ್ಕು ಅಲರ್ಜಿಕಾರಕಗಳಿದ್ದು, ಅಮೆರಿಕದ ಪಟ್ಟಿಯಲ್ಲಿ ಇಲ್ಲದ ಸಾಸಿವೆ ಅಲ್ಲಿದೆ. ಪ್ರತಿ ಕಿಲೋಗೆ 10 ಮಿಲಿಗ್ರಾಂ ಮೀರಿದ ಸಲ್ಫೈಟ್ ಕೂಡ ಅಲ್ಲಿದೆ. ಬೆಲ್ಲಕ್ಕೆ ಹೊಳಪು ಬರಲೆಂದು ಗಂಧಕದ ಸಂಯುಕ್ತಗಳನ್ನು ಬಳಸುವ ಗಾಣಗಳಿಂದ ಬೆಲ್ಲ ತರಿಸುವವರಿಗೆ ಇದು ಚಿಂತೆಯ ವಿಷಯ. ಇತ್ತ ಕೊಬ್ಬರಿಯ ವಿಚಾರದಲ್ಲಿ ಅಮೆರಿಕವೇ ಮನಸ್ಸು ಬದಲಿಸಿತು. ಬಹುಕಾಲ ತೆಂಗನ್ನು ಮರಬೀಜಗಳ ಗುಂಪಿನಲ್ಲಿ ಎಣಿಸುತ್ತಿದ್ದ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2025ರ ಜನವರಿಯ ಮಾರ್ಗಸೂಚಿಯಲ್ಲಿ ಅದನ್ನು ಆ ಗುಂಪಿನಿಂದ ಕೈಬಿಟ್ಟಿತು. ಹೀಗಾಗಿ ಪಾಕವಿಧಾನ ಒಂದೇ ಆದರೂ ದೇಶಕ್ಕೊಂದು ಲೇಬಲ್ ಬೇಕಾಗುತ್ತದೆ, ವರ್ಷಕ್ಕೊಮ್ಮೆಯಾದರೂ ಅದನ್ನು ಮರಳಿ ಓದಬೇಕಾಗುತ್ತದೆ.

ಪಟ್ಟಿ ಕೇಳಿದವರಿಗೆ ಇಂಗಿನ ಪ್ರಶ್ನೆ ಹಾಕಿದ್ದರ ಉದ್ದೇಶ ಇದೇ. ರಫ್ತಿನ ಕಡತವೆಂದರೆ ಸರಕು ಸಿದ್ಧವಾದ ಮೇಲೆ ಅದರ ಬೆನ್ನಿಗೆ ಅಂಟಿಸುವ ಕಾಗದಗಳ ಕಟ್ಟು ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಆದರೆ ಕಡತ ಶುರುವಾಗುವುದು ಸಾಮಗ್ರಿ ಕೊಳ್ಳುವ ದಿನ. ಆ ದಿನ ಬರೆದಿಡದ ಸಂಗತಿಯನ್ನು ಬಂದರಿನಲ್ಲಿ ಯಾವ ಏಜೆಂಟರೂ ಹುಟ್ಟಿಸಿಕೊಡಲಾರರು. ಹುಟ್ಟಿಸಿಕೊಟ್ಟರೆ ಅದಕ್ಕೆ ಬೇರೆಯೇ ಹೆಸರಿದೆ.

ಇಲ್ಲಿಂದ ಹೊರಡಲು ಬೇಕಾದದ್ದು

ಈ ಭಾಗ ಬೇಸರದ್ದು, ಆದರೆ ಕಷ್ಟದ್ದಲ್ಲ. ಆಮದು-ರಫ್ತುದಾರರ ಸಂಕೇತ ಸಂಖ್ಯೆ, ಎಂದರೆ ಎಲ್ಲರೂ ಐಇಸಿ ಎನ್ನುವುದು, ಈಗ ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಆಗಿರುತ್ತದೆ. ಶುಲ್ಕ 500 ರೂಪಾಯಿ. ಅರ್ಜಿ ಆನ್‌ಲೈನಿನಲ್ಲೇ ಮುಗಿಯುತ್ತದೆ. ತಕರಾರು ಬಂದರೆ ಮಾತ್ರ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಕಚೇರಿಗೆ ಹೋಗಬೇಕು. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಇದರ ವಿವರಗಳನ್ನು ದೃಢಪಡಿಸಬೇಕು. ಏನೂ ಬದಲಾಗದಿದ್ದರೂ "ಬದಲಾಗಿಲ್ಲ" ಎಂದು ಹೇಳಲೇಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಮತ್ತು ಅದು ನಿಷ್ಕ್ರಿಯವಾಗಿದೆ ಎಂಬುದು ಸಾಮಾನ್ಯವಾಗಿ ತಿಳಿಯುವುದು ಸರಕು ಲಾರಿ ಹತ್ತಿದ ದಿನವೇ. ಇದರ ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಪರವಾನಗಿ, ವಿದೇಶಿ ಹಣ ಬರುವ ಬ್ಯಾಂಕ್ ಶಾಖೆಯನ್ನು ಗುರುತಿಸುವ ಎಡಿ ಕೋಡ್, ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷಕ್ಕೊಮ್ಮೆ ಸಲ್ಲಿಸುವ ಮುಚ್ಚಳಿಕೆ ಪತ್ರ ಬೇಕು.

ಯಾವ ಮಂಡಳಿಯ ಸದಸ್ಯತ್ವ ಪಡೆಯಬೇಕು ಎಂಬುದು ಸರಕನ್ನು ಅವಲಂಬಿಸಿದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿ, ಬೆಲ್ಲ, ತಾಜಾ ಹಣ್ಣು ತರಕಾರಿಗಳು 1985ರ ಕಾಯ್ದೆಯಡಿ ಸ್ಥಾಪನೆಯಾದ ಕೃಷಿ ಮತ್ತು ಸಂಸ್ಕರಿತ ಆಹಾರ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಅಪೆಡಾ) ವ್ಯಾಪ್ತಿಗೆ ಬರುತ್ತವೆ. ಮೆಣಸಿನಕಾಯಿ, ಕಾಳುಮೆಣಸು, ಏಲಕ್ಕಿಗಳಿಗೆ ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಸಾಂಬಾರ ಮಂಡಳಿಯಿದೆ. ಕಾಫಿಯಾದರೆ ನಮ್ಮ ಅಂಬೇಡ್ಕರ್ ವೀದಿಯ ಕಾಫಿ ಮಂಡಳಿ. ಮಸಾಲೆಯೂ ಬೇಳೆಯೂ ಬೆಲ್ಲವೂ ಸೇರಿದ ಪದಾರ್ಥ ಎಲ್ಲಿಗೆ ಸೇರುತ್ತದೆ ಎಂಬ ಸಂಶಯ ಬಂದರೆ ಊಹೆ ಮಾಡದೆ, ಮಂಡಳಿಗೇ ಬರೆದು ಉತ್ತರ ತರಿಸಿಕೊಂಡು ಆ ಉತ್ತರವನ್ನು ಕಡತಕ್ಕೆ ಹಾಕುವುದು ಒಳ್ಳೆಯದು.

ಸಂಶಯ ನಿಜವಾಗಿ ಕಾಡುವುದು ಎಚ್‌ಎಸ್ ಸಂಕೇತದಲ್ಲಿ. ಜಗತ್ತಿನ ಸರಕುಗಳನ್ನೆಲ್ಲ ಅಧ್ಯಾಯ, ಶೀರ್ಷಿಕೆಗಳಾಗಿ ವಿಂಗಡಿಸುವ ಈ ಪದ್ಧತಿ 1988ರಲ್ಲಿ ಜಾರಿಗೆ ಬಂತು. ಅದರ ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಸಮಾನ. ನಾವು ಇನ್ನೆರಡು ಸೇರಿಸಿ ಎಂಟು ಬಳಸುತ್ತೇವೆ. ಮಸಾಲೆ ಪದಾರ್ಥಗಳನ್ನಷ್ಟೇ ಬೆರೆಸಿದ ಪುಡಿ 0910ರಲ್ಲಿ ನಿಲ್ಲುತ್ತದೆ. ಅದಕ್ಕೆ ಬೇರೆ ಪದಾರ್ಥಗಳು ಸೇರಿ ಮಸಾಲೆಯ ಮೂಲಗುಣವೇ ಹಿಂದೆ ಸರಿದರೆ ಅದು 2103ಕ್ಕೆ, ಎಂದರೆ ಮಿಶ್ರ ವ್ಯಂಜನಗಳ ಗುಂಪಿಗೆ ಜಾರುತ್ತದೆ. ನಮ್ಮ ಹುಳಿಪುಡಿಯಲ್ಲಿ ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯದ ಜೊತೆಗೆ ಕಡಲೆಬೇಳೆಯೂ ಉದ್ದಿನಬೇಳೆಯೂ ಇರುವುದರಿಂದ ಅದು ಯಾವುದು? ಬೇಳೆಯ ಪಾಲು ಎಷ್ಟು ಎಂಬುದರ ಮೇಲೆ ಉತ್ತರ ನಿಂತಿದೆ. ಸಂಕೇತ ಬದಲಾದರೆ ಅತ್ತ ಕಟ್ಟುವ ಸುಂಕ, ಅನ್ವಯಿಸುವ ತಪಾಸಣೆ, ಸರಕು ಯಾವ ದೇಶದ್ದೆಂದು ಹೇಳುವ ಮೂಲಪ್ರಮಾಣ ಪತ್ರದ ಷರತ್ತು ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಪಾಕವಿಧಾನವನ್ನು ಶೇಕಡಾವಾರು ಬರೆದುಕೊಡಿ ಎಂದರೆ "ಅದು ನಮ್ಮ ಅಜ್ಜಿಯ ಕೈ ಅಳತೆ, ಕೊಡೋಕ್ಕಾಗಲ್ಲ" ಎನ್ನುವವರೊಡನೆ ನಾನು ಮುಂದಕ್ಕೆ ಹೋಗುವುದಿಲ್ಲ. ಅಜ್ಜಿಯ ಬಗ್ಗೆ ಗೌರವವಿದೆ, ಆದರೆ ಸುಂಕದ ಅಧಿಕಾರಿಗೆ ಹಿಡಿ, ಚಿಟಿಕೆ ಅರ್ಥವಾಗುವುದಿಲ್ಲ.

ತಾಯ್ನಾಡಿನ ಕಾಗದವೂ ಕೆಲವೊಮ್ಮೆ ಒಂದೇ ಋತುವಿನಲ್ಲಿ ಮೂರು ಸಲ ಬಣ್ಣ ಬದಲಿಸುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿಗೆ ಶೇ 40ರ ರಫ್ತು ಸುಂಕ ಹಾಕಿತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೊರದೇಶಕ್ಕೆಂದೇ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯೂ ಅದರಲ್ಲಿ ಸಿಕ್ಕಿಕೊಂಡಿತು. ಈ ಈರುಳ್ಳಿಗೆ ಇಲ್ಲಿ ಹೆಚ್ಚು ಗಿರಾಕಿಯಿಲ್ಲ, ಹೆಚ್ಚಿನ ಬೆಳೆ ಹೋಗುವುದು ಮಲೇಷ್ಯಾ, ಸಿಂಗಪುರದ ಕಡೆಗೆ. ಸೆಪ್ಟೆಂಬರ್ ಕೊನೆಯಲ್ಲಿ ವಿನಾಯಿತಿ ಬಂತು, ಆದರೆ ಷರತ್ತಿನೊಂದಿಗೆ: ಹೊರಟಿರುವುದು ಗುಲಾಬಿ ಈರುಳ್ಳಿಯೇ ಎಂದೂ ಅದರ ಪ್ರಮಾಣ ಎಷ್ಟೆಂದೂ ಕರ್ನಾಟಕದ ತೋಟಗಾರಿಕಾ ಆಯುಕ್ತರು ಪ್ರಮಾಣೀಕರಿಸಬೇಕು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಲಾಯಿತು. ಅಧಿಸೂಚನೆಯ ದಿನಾಂಕ ನೋಡದೆ ಒಪ್ಪಂದಕ್ಕೆ ಸಹಿ ಹಾಕಬಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅಲ್ಲಿನವರು ಕೇಳುವ ಪ್ರಶ್ನೆಗಳು

ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ 1995ರಲ್ಲಿ ಜಾರಿಗೆ ಬಂದ ಆರೋಗ್ಯ ಮತ್ತು ಸಸ್ಯಾರೋಗ್ಯ ಒಪ್ಪಂದವು ವೈಜ್ಞಾನಿಕ ಆಧಾರವಿದ್ದರೆ ಪ್ರತಿ ದೇಶವೂ ತನ್ನದೇ ಮಟ್ಟದ ರಕ್ಷಣೆಯನ್ನು ನಿಗದಿ ಮಾಡಿಕೊಳ್ಳಬಹುದು ಎನ್ನುತ್ತದೆ. "ಇಲ್ಲಿ ನಡೆಯುತ್ತದಲ್ಲ, ಅಲ್ಲಿ ಯಾಕೆ ನಡೆಯುವುದಿಲ್ಲ" ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಅದೇ.

ಅಮೆರಿಕದ ವ್ಯವಸ್ಥೆ ಮೊದಲು ಕೇಳುವುದು ಕಾರ್ಖಾನೆಯ ಗುರುತನ್ನು. 2002ರ ಜೈವಿಕ ಭಯೋತ್ಪಾದನಾ ತಡೆ ಕಾಯ್ದೆಯಿಂದ ಬಂದ ನಿಯಮದಂತೆ, ಅಲ್ಲಿ ಮಾರಾಟವಾಗುವ ಆಹಾರವನ್ನು ತಯಾರಿಸುವ, ಪ್ಯಾಕ್ ಮಾಡುವ ಅಥವಾ ದಾಸ್ತಾನು ಇಡುವ ಘಟಕ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ ನೋಂದಣಿಯಾಗಿರಬೇಕು. ಅಮೆರಿಕದಲ್ಲಿ ನೆಲೆಸಿರುವ ಒಬ್ಬ ಪ್ರತಿನಿಧಿಯನ್ನೂ ಹೆಸರಿಸಬೇಕು. ಸಮವರ್ಷಗಳಲ್ಲಿ, ಎಂದರೆ 2024, 2026, 2028 ಹೀಗೆ, ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನೋಂದಣಿಯನ್ನು ನವೀಕರಿಸಬೇಕು. ಇದಕ್ಕೆ ಆ ಆಡಳಿತ ಶುಲ್ಕ ವಿಧಿಸುವುದಿಲ್ಲ, ಪ್ರಮಾಣಪತ್ರವನ್ನೂ ಕೊಡುವುದಿಲ್ಲ. ಆದರೂ ಹದ್ದಿನ ಚಿತ್ರ, ಬಂಗಾರದ ಬಣ್ಣದ ಅಂಚು, ಕೆಳಗೊಂದು ಮುದ್ರೆ ಇರುವ "ಎಫ್‌ಡಿಎ ಸರ್ಟಿಫಿಕೇಟ್"ಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದನ್ನು ನಾನು ಪೀಣ್ಯದಲ್ಲಿ ಎಷ್ಟೋ ಕಡೆ ನೋಡಿದ್ದೇನೆ. ಅವು ಮಧ್ಯವರ್ತಿಗಳು ಮುದ್ರಿಸಿದ ಕಾಗದಗಳು. ನೋಂದಣಿಯೆಂದರೆ ಅನುಮೋದನೆಯೂ ಅಲ್ಲ. ನೀವು ಇಂಥ ಕಡೆ ಇದ್ದೀರಿ ಎಂದು ಅವರಿಗೆ ಗೊತ್ತಿದೆ, ಅಷ್ಟೆ.

2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆ ಹೊಣೆಯ ಒಂದು ದೊಡ್ಡ ಪಾಲನ್ನು ಅಲ್ಲಿನ ಆಮದುದಾರನ ಹೆಗಲಿಗೆ ಹಾಕಿತು. ತಾನು ತರಿಸುವ ಪದಾರ್ಥದಲ್ಲಿ ಯಾವ ಅಪಾಯಗಳಿವೆ, ಅವುಗಳನ್ನು ಪೂರೈಕೆದಾರ ಹೇಗೆ ತಡೆಯುತ್ತಾನೆ ಎಂಬುದನ್ನು ಆತ ಪರಿಶೀಲಿಸಿ ದಾಖಲೆ ಇಟ್ಟುಕೊಳ್ಳಬೇಕು. ಹಾಗಾಗಿ ನ್ಯೂಜೆರ್ಸಿಯ ವ್ಯಾಪಾರಿ ಕಳಿಸುವ ಉದ್ದನೆಯ ಪ್ರಶ್ನಾವಳಿಯನ್ನು ನೋಡಿ ಯಾರೂ ಅಪಮಾನವೆಂದು ತಿಳಿಯಬೇಕಿಲ್ಲ. ಹುರಿಯುವ ಉಷ್ಣತೆ ಎಷ್ಟು, ಲೋಹದ ಚೂರು ಹಿಡಿಯುವ ಯಂತ್ರವನ್ನು ದಿನಕ್ಕೆ ಎಷ್ಟು ಸಲ ಪರೀಕ್ಷಿಸುತ್ತೀರಿ, ಕಡಲೆಕಾಯಿ ಬೀಜ ಹುರಿದ ಬಾಂಡ್ಲಿಯಲ್ಲೇ ಬೇರೆ ಪುಡಿಯ ಸಾಮಗ್ರಿ ಹುರಿಯುತ್ತೀರಾ ಎಂದೆಲ್ಲ ಕೇಳುವುದು ಆತನ ಕಾನೂನುಬದ್ಧ ಕರ್ತವ್ಯ. ಕೊನೆಯದಾಗಿ ಸರಕು ಬರುತ್ತಿದೆ ಎಂಬ ಮುನ್ಸೂಚನೆ ಬೇಕು: ವಿಮಾನದಲ್ಲಿ ಹೋದರೆ ತಲುಪುವ ನಾಲ್ಕು ಗಂಟೆ ಮೊದಲು, ಹಡಗಿನಲ್ಲಿ ಹೋದರೆ ಎಂಟು ಗಂಟೆ ಮೊದಲು. ಅದಿಲ್ಲದೆ ಹೋದ ಪೆಟ್ಟಿಗೆ ಒಳಗೆ ಬರುವುದಿಲ್ಲ.

ಉಪ್ಪಿನಕಾಯಿಯ ಕಥೆ ಇನ್ನೂ ಆಳವಾದದ್ದು. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ಕ್ಕಿಂತ ಮೇಲಿದ್ದು ತೇವಾಂಶ ಸಾಕಷ್ಟಿರುವ, ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯ ಬೆಳೆಯಬಲ್ಲದು. ಮಾವಿನಕಾಯಿ ತನ್ನಷ್ಟಕ್ಕೇ ಹುಳಿ. ಬೆಳ್ಳುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ ಹುಳಿಯಲ್ಲ. ಅವಕ್ಕೆ ನಿಂಬೆರಸವನ್ನೋ ವಿನಿಗರನ್ನೋ ಸೇರಿಸಿ ಹುಳಿ ಬರಿಸಿದರೆ ಅಮೆರಿಕದ ನಿಯಮದಲ್ಲಿ ಅದು "ಆಮ್ಲೀಕರಿಸಿದ ಆಹಾರ" ಎಂಬ ಪ್ರತ್ಯೇಕ ವರ್ಗವಾಗುತ್ತದೆ. ಆಗ ಸಾಮಾನ್ಯ ನೋಂದಣಿ ಸಾಲದು. ಘಟಕಕ್ಕೆ ಇನ್ನೊಂದು ನೋಂದಣಿ ಬೇಕು. ಪ್ರತಿ ಪದಾರ್ಥಕ್ಕೂ ಪ್ರತಿ ಬಾಟಲಿ ಅಳತೆಗೂ ತಯಾರಿಕಾ ವಿಧಾನವನ್ನು ಬೇರೆಬೇರೆಯಾಗಿ ಸಲ್ಲಿಸಬೇಕು. 300 ಗ್ರಾಂ ಬಾಟಲಿಗೆ ಸಲ್ಲಿಸಿದ್ದು ಒಂದು ಕಿಲೋ ಬಾಟಲಿಗೆ ಆಗುವುದಿಲ್ಲ, ಏಕೆಂದರೆ ದೊಡ್ಡ ಬಾಟಲಿಯ ನಡುಭಾಗಕ್ಕೆ ಶಾಖವೂ ಹುಳಿಯೂ ತಲುಪಲು ಹೆಚ್ಚು ಹೊತ್ತು ಬೇಕು. ಈ ವಿದ್ಯೆ ಬೆಂಗಳೂರಿನ ಸುತ್ತಮುತ್ತ ಹೊಸದೇನಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ, ವಿನಿಗರಿನಲ್ಲಿ ಹಾಕಿಡುವ ಗೆರ್ಕಿನ್ ಎಂಬ ಪುಟ್ಟ ಸೌತೆಯ ಉದ್ಯಮ ಇಂದು ಪಕ್ಕದ ರಾಜ್ಯಗಳಿಗೂ ಹಬ್ಬಿದೆ. 2020-21ರಲ್ಲಿ ಭಾರತದಿಂದ ಹೋದ ಸೌತೆ ಮತ್ತು ಗೆರ್ಕಿನ್‌ನ ಪ್ರಮಾಣ 2,23,515 ಟನ್. ಆ ಉದ್ಯಮದಲ್ಲಿ ಪಿಎಚ್ ಮೀಟರು ಅಡುಗೆಮನೆಯ ಸೌಟಿನಷ್ಟೇ ಸಾಮಾನ್ಯ ಸಾಧನ.

ಯುರೋಪಿನ ಮುಖ್ಯ ತಕರಾರು ಶೇಷಾಂಶಗಳದ್ದು. ಯಾವುದಾದರೂ ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ಹೇಳದಿದ್ದರೆ ಅಲ್ಲಿನ ಸಾಮಾನ್ಯ ಮಿತಿ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಜಪಾನ್ ಕೂಡ 2006ರಿಂದ ಇದೇ ಮಿತಿಯನ್ನು ಪಾಲಿಸುತ್ತಿದೆ. ಈ ಸಂಖ್ಯೆ ಎಷ್ಟು ಸಣ್ಣದೆಂದರೆ, 100 ಟನ್ ಮೆಣಸಿನಕಾಯಿಯಲ್ಲಿ ಒಂದೇ ಒಂದು ಗ್ರಾಂ. ಬ್ಯಾಡಗಿ ಮಾರುಕಟ್ಟೆಯಿಂದ ಮೂಟೆ ಹರಾಜಿನಲ್ಲಿ ಕೊಂಡರೆ ಒಂದು ಮೂಟೆಯಲ್ಲಿ ಎಷ್ಟು ಹೊಲಗಳ ಕಾಯಿ ಸೇರಿದೆಯೋ ಯಾರಿಗೂ ತಿಳಿಯದು. ಯಾವ ರೈತ ಏನು ಸಿಂಪಡಿಸಿದನೆಂಬುದಂತೂ ದೂರದ ಮಾತು. ಮೇಲಾಗಿ ಹಸಿ ಕಾಯಿ ಒಣಗಿದಾಗ ನೀರು ಹೋಗಿ ಶೇಷಾಂಶ ಸಾಂದ್ರವಾಗುತ್ತದೆ. ಒಣಗಿಸಿದ ಪದಾರ್ಥಕ್ಕೆ ಆ ಸಾಂದ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅಲ್ಲಿನ ನಿಯಮದಲ್ಲಿ ಅವಕಾಶವಿದೆ, ಆದರೆ ಅದನ್ನು ಕೇಳಿ, ಆಧಾರ ತೋರಿಸಿ ಪಡೆಯಬೇಕು. ರೈತರ ಗುಂಪಿನೊಡನೆ ನೇರ ಒಪ್ಪಂದ ಮಾಡಿಕೊಂಡು ಸಿಂಪಡಣೆಯ ದಿನಚರಿ ಬರೆಸುವವರು ಯುರೋಪಿನಲ್ಲಿ ನೆಲೆಯೂರುತ್ತಾರೆ, ಹರಾಜಿನ ಮೂಟೆ ನಂಬಿದವರು ಒಂದೆರಡು ಕಂಟೇನರ್ ಆದ ಮೇಲೆ ಹಿಂದೆ ಸರಿಯುತ್ತಾರೆ. ನಾನು ಕಂಡದ್ದು ಹೀಗೆ.

ಎಥಿಲೀನ್ ಆಕ್ಸೈಡ್ ಪ್ರಕರಣ ಇದಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಒಂದು ನಿಯಮ ಪಾಲಿಸಲು ಹೋಗಿ ಇನ್ನೊಂದನ್ನು ಮುರಿದಂತಾಗುತ್ತದೆ. ಎಳ್ಳು, ಮಸಾಲೆಗಳಲ್ಲಿ ಸಾಲ್ಮೊನೆಲ್ಲ ರೋಗಾಣು ಇರಬಾರದು. ಅದನ್ನು ಕೊಲ್ಲಲು ಈ ಅನಿಲವನ್ನು ಬಳಸುವ ವಾಡಿಕೆಯಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ಭಾರತದ ಎಳ್ಳಿನಲ್ಲಿ ಇದರ ಶೇಷಾಂಶ ಪತ್ತೆ ಮಾಡಿತು. ಮುಂದಿನ ತಿಂಗಳಲ್ಲೇ ಐರೋಪ್ಯ ಒಕ್ಕೂಟವು ನಮ್ಮ ಎಳ್ಳಿನ ಮೇಲೆ ಬಿಗಿಯಾದ ತಪಾಸಣೆ ಹೇರಿತು. ಎಳ್ಳು ಉದುರಿಸಿದ ಬ್ರೆಡ್ಡಿನಿಂದ ಹಿಡಿದು ಎಷ್ಟೋ ತಿನಿಸುಗಳನ್ನು ಯುರೋಪಿನ ಅಂಗಡಿಗಳಿಂದ ವಾಪಸು ತೆಗೆಯಲಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಇದೇ ಕಾರಣಕ್ಕೆ ಭಾರತದ ಕೆಲವು ಮಸಾಲೆ ಪುಡಿಗಳ ಮೇಲೆ ಕ್ರಮ ಕೈಗೊಂಡ ಬಳಿಕ ಸಾಂಬಾರ ಮಂಡಳಿ ಆ ಎರಡೂ ಕಡೆ ಹೋಗುವ ಮಸಾಲೆಗಳಿಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ವಿಚಿತ್ರವೆಂದರೆ ಅಮೆರಿಕದಲ್ಲಿ ಒಣ ಮಸಾಲೆಗೆ ಇದರ ಬಳಕೆಗೆ ಅನುಮತಿಯಿದ್ದು ಮಿತಿ ಕಿಲೋಗೆ 7 ಮಿಲಿಗ್ರಾಂ. ಯುರೋಪಿನಲ್ಲಿ ಅದು 0.1. ಒಂದೇ ಗೋದಾಮಿನಲ್ಲಿ ಎರಡೂ ಕಡೆಯ ಸರಕು ಇಟ್ಟುಕೊಂಡವರು ಲಾಟುಗಳನ್ನು ಬೆರೆಸಿದರೆ ಕಥೆ ಮುಗಿಯಿತು. ಹಬೆಯಿಂದ ಶುದ್ಧೀಕರಿಸುವುದು ದುಬಾರಿ, ಬಣ್ಣವೂ ಪರಿಮಳವೂ ಸ್ವಲ್ಪ ಇಳಿಯುತ್ತವೆ, ಆದರೆ ಅದರಲ್ಲಿ ಈ ಗೋಜಲಿಲ್ಲ.

ಕಾಯಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷದ ಮಿತಿಗಳೂ ಹೀಗೇ ಬೇರೆ. ಅಮೆರಿಕದಲ್ಲಿ ಒಟ್ಟು 20 ಪಿಪಿಬಿ (ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು) ದಾಟಿದರೆ ಕ್ರಮ. ಯುರೋಪಿನಲ್ಲಿ ಮೆಣಸಿನಕಾಯಿಗೆ ಒಟ್ಟು 10, ಅದರಲ್ಲಿ ಬಿ1 ಎಂಬ ಬಗೆ 5. ನೇರವಾಗಿ ತಿನ್ನುವ ಕಡಲೆಕಾಯಿ ಬೀಜಕ್ಕಂತೂ ಕೇವಲ 4 ಮತ್ತು 2. ಈ ವಿಷ ಇಡೀ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ, ಹತ್ತಾರು ಕೆಟ್ಟ ಕಾಯಿಗಳಲ್ಲಿ ಗುಂಪಾಗಿರುತ್ತದೆ. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಲ್ಯಾಬಿಗೆ ಕಳಿಸಿದ ವರದಿ ಆ ಹಿಡಿಯ ಬಗ್ಗೆ ಮಾತ್ರ ಹೇಳುತ್ತದೆ, ಲಾಟಿನ ಬಗ್ಗೆ ಹೇಳುವುದಿಲ್ಲ. ಲ್ಯಾಬಿಗೆ ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇದೆಯೇ ಎಂದಷ್ಟೇ ಕೇಳದೆ, ನಮಗೆ ಬೇಕಾದ ಆ ಪರೀಕ್ಷೆಗೆ, ಆ ಪದಾರ್ಥಕ್ಕೆ ಮಾನ್ಯತೆ ಇದೆಯೇ ಎಂದು ಕೇಳಬೇಕು. ಎರಡೂ ಬೇರೆ ಪ್ರಶ್ನೆಗಳು.

ಸಸ್ಯಾರೋಗ್ಯ ಪ್ರಮಾಣಪತ್ರ, ನಮ್ಮವರ ಬಾಯಲ್ಲಿ "ಫೈಟೋ", ಕೀಟ ಮತ್ತು ರೋಗಗಳಿಗೆ ಸಂಬಂಧಿಸಿದ್ದು, ತಿನ್ನುವವರ ಆರೋಗ್ಯಕ್ಕಲ್ಲ. ತಾಜಾ ಹಣ್ಣು, ತರಕಾರಿ, ಬೀಜ, ಹುರಿಯದ ಕಾಳುಗಳಿಗೆ ಸಾಮಾನ್ಯವಾಗಿ ಇದು ಬೇಕು. ಹುರಿದು ಪುಡಿ ಮಾಡಿದ್ದಕ್ಕೆ ಬೇಕೇ ಎಂಬುದನ್ನು ಆಮದು ಮಾಡುವ ದೇಶ ನಿರ್ಧರಿಸುತ್ತದೆ. ಬೆಂಗಳೂರಿನವರಿಗೆ ಇದರ ಕಚೇರಿ ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿದೆ. ಸರಕು ಪುಡಿಯೇ ಆದರೂ ಅದನ್ನಿಟ್ಟ ಮರದ ಪ್ಯಾಲೆಟ್‌ಗೆ ಪ್ರತ್ಯೇಕ ನಿಯಮವಿದೆ: ಸಾಮಾನ್ಯವಾಗಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆ ಮರದ ಮೇಲೆ ಕಾಣಬೇಕು. ಪುಡಿಯ ಕಾಗದಗಳೆಲ್ಲ ಸರಿಯಿದ್ದು ಮುದ್ರೆಯಿಲ್ಲದ ಪ್ಯಾಲೆಟ್ಟಿನಿಂದ ಕಂಟೇನರು ನಿಂತದ್ದನ್ನು ನೋಡಿದ್ದೇನೆ. ಮಾವಿಗೆ ಬಂದರೆ, 2007ರಿಂದ ಅಮೆರಿಕಕ್ಕೆ ಹೋಗುವ ಹಣ್ಣಿಗೆ 400 ಗ್ರೇ (ವಿಕಿರಣದ ಅಳತೆ) ಪ್ರಮಾಣದ ವಿಕಿರಣ ಕಡ್ಡಾಯ. ನಮ್ಮ ಮಾಲೂರಿನಲ್ಲಿ ಅಂಥ ಘಟಕವಿದೆ. ಯುರೋಪು ಹಣ್ಣಿನ ನೊಣದ ಕಾರಣಕ್ಕೆ 2014ರ ಮೇ ತಿಂಗಳಲ್ಲಿ ನಮ್ಮ ಮಾವು, ಹಾಗಲ, ಪಡವಲ, ಬದನೆ, ಕೆಸುವನ್ನು ನಿಷೇಧಿಸಿ, ಮಾವಿನ ನಿಷೇಧವನ್ನು ಮುಂದಿನ ವರ್ಷ ತೆಗೆಯಿತು.

ಹಾಲು, ತುಪ್ಪ ಸೇರಿದ ಸಿಹಿತಿಂಡಿಗಳ ಬಗ್ಗೆ ಇಲ್ಲಿ ಒಂದೇ ಮಾತು. ಕಾಲುಬಾಯಿ ರೋಗವಿರುವ ದೇಶದಿಂದ ಬರುವ ಪ್ರಾಣಿಜನ್ಯ ಪದಾರ್ಥಗಳಿಗೆ ಹಲವು ದೇಶಗಳಲ್ಲಿ ಬಾಗಿಲು ಅರ್ಧವೇ ತೆರೆದಿರುತ್ತದೆ. ಮೈಸೂರುಪಾಕು ಕಳಿಸುವ ಆಸೆಯಿದ್ದರೆ ಆಮದುದಾರರಿಂದ ಲಿಖಿತ ಉತ್ತರ ಬರುವವರೆಗೆ ಡಬ್ಬಿ ಮುದ್ರಿಸಬೇಡಿ.

ಲೇಬಲ್ಲಿನಲ್ಲಿ ಅಲರ್ಜಿಯಾಚೆಗೆ ಎಡವುವ ಕಡೆಗಳು ಹಲವು. ನಮ್ಮಲ್ಲಿ ಅನುಮತಿ ಇರುವ ಕಾರ್ಮೋಸಿನ್, ಪಾನ್ಸೋ 4ಆರ್ ಎಂಬ ಕೆಂಪು ಬಣ್ಣಗಳಿಗೆ ಅಮೆರಿಕದಲ್ಲಿ ಅನುಮತಿಯಿಲ್ಲ. ಯುರೋಪಿನಲ್ಲಿ ಇದೆ, ಆದರೆ 2010ರಿಂದ ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಆಗಬಹುದೆಂಬ ಎಚ್ಚರಿಕೆ ಮುದ್ರಿಸಬೇಕು. ಕೆನಡಾಕ್ಕೆ ಇಂಗ್ಲಿಷಿನ ಜೊತೆ ಫ್ರೆಂಚ್, ಕೊಲ್ಲಿ ರಾಷ್ಟ್ರಗಳಿಗೆ ಅರಬ್ಬಿ. ದಿನಾಂಕ 03/04/2026 ಎಂದು ಮುದ್ರಿಸಿದರೆ ನಮಗದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಜಗಳವೇ ಇಲ್ಲ.

ಬ್ಯಾಂಕಿನ ಕಣ್ಣು

ಇಷ್ಟೆಲ್ಲ ದಾಟಿ ಸರಕು ಸುರಕ್ಷಿತವಾಗಿ ತಲುಪಿದರೂ ಹಣ ಬರದಿರಬಹುದು. ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುವುದಾಗಿ ಖರೀದಿದಾರರ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ) ಮೂಲಕ ವ್ಯವಹಾರವಾದರೆ ಅದನ್ನು ಆಳುವುದು 2007ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಾವಳಿ. ಬ್ಯಾಂಕುಗಳ ವ್ಯವಹಾರ ದಾಖಲೆಗಳೊಡನೆ, ಸರಕಿನೊಡನೆ ಅಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇನ್‌ವಾಯ್ಸ್‌ನಲ್ಲಿ ಸರಕಿನ ವಿವರಣೆ ಎಲ್‌ಸಿಯಲ್ಲಿರುವುದಕ್ಕೆ ಹೊಂದಲೇಬೇಕು. ಉಳಿದ ದಾಖಲೆಗಳಲ್ಲಿ ಅದಕ್ಕೆ ವಿರುದ್ಧವಾಗದಂತೆ ಸಾಮಾನ್ಯ ಮಾತಿನಲ್ಲಿದ್ದರೆ ಸಾಕು. ಸಾಗಣೆಯಾದ 21 ದಿನದೊಳಗೆ ದಾಖಲೆ ಸಲ್ಲಿಸಬೇಕು, ಪರಿಶೀಲಿಸಲು ಬ್ಯಾಂಕಿಗೆ ಐದು ಕೆಲಸದ ದಿನ.

ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. ಸಿಂಗಪುರದ ಖರೀದಿದಾರರೊಬ್ಬರು, ತಮಿಳರು, ಎಲ್‌ಸಿಯಲ್ಲಿ "ಪುಳಿಯೋದರೈ ಮಿಕ್ಸ್" ಎಂದು ಬರೆಸಿದ್ದರು. ಡಬ್ಬಿಯ ಮೇಲೆ "ಪುಳಿಯೋಗರೆ ಪೌಡರ್" ಎಂದಿತ್ತು, ನಾನು ಇನ್‌ವಾಯ್ಸ್‌ಗೂ ಅದನ್ನೇ ಹಾಕಿದೆ. ಎರಡೂ ಒಂದೇ ಎಂದು ಐಯಂಗಾರರ ಮನೆಯ ಯಾವ ಮಗುವೂ ಹೇಳುತ್ತದೆ. ಆದರೆ ದಾಖಲೆ ನೋಡುವ ಗುಮಾಸ್ತರು ಅದನ್ನು ತಿಂದವರಾಗಿರಬೇಕಿಲ್ಲ. ವ್ಯತ್ಯಾಸವಿದೆಯೆಂದು ಬ್ಯಾಂಕು ತಡೆಹಿಡಿಯಿತು, ಶುಲ್ಕ ಕಡಿತವಾಯಿತು, ಖರೀದಿದಾರರ ಒಪ್ಪಿಗೆ ಬಂದು ಹಣ ಕೈಸೇರಲು ಮೂರು ವಾರ ಹಿಡಿಯಿತು. ಆವತ್ತಿನಿಂದ ಎಲ್‌ಸಿಯ ಕರಡು ಬಂದೊಡನೆ ಸರಕಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಬೇಕಾದರೆ ತಿದ್ದಿಸಿ, ಆಮೇಲೆ ಅದೇ ಸಾಲನ್ನು ಇನ್‌ವಾಯ್ಸ್‌ಗೆ ನಕಲಿಸುತ್ತೇನೆ. ಬ್ಯಾಚ್ ಸಂಖ್ಯೆಗೂ ಇದೇ ಮಾತು: ಲ್ಯಾಬ್ ವರದಿಯಲ್ಲಿ 07 ಎಂದಿದ್ದು ಪ್ಯಾಕಿಂಗ್ ಲಿಸ್ಟ್‌ನಲ್ಲಿ 7 ಎಂದಿದ್ದರೆ, ಆ ವರದಿ ಈ ಸರಕಿನದೇ ಎಂದು ಅಧಿಕಾರಿ ಏಕೆ ನಂಬಬೇಕು?

ಮೂಲಪ್ರಮಾಣ ಪತ್ರ ಎರಡು ಬಗೆ. ಸುಂಕ ರಿಯಾಯಿತಿ ಇಲ್ಲದ್ದನ್ನು ವಾಣಿಜ್ಯ ಮಂಡಳಿಗಳೂ ಕೊಡುತ್ತವೆ, ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಕಟ್ಟಿದ ನಮ್ಮ ಎಫ್‌ಕೆಸಿಸಿಐ ಅವುಗಳಲ್ಲೊಂದು. ರಿಯಾಯಿತಿಯದ್ದಕ್ಕೆ ಒಪ್ಪಂದವಿರಬೇಕು. ಯುಎಇ ಜೊತೆಗಿನದು 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಆಮದು ಮಾಡಿದ ಸಾಮಗ್ರಿ ಬಳಸಿದ್ದರೆ ರಿಯಾಯಿತಿಗೆ ಅರ್ಹತೆಯಿದೆಯೇ ಎಂದು ಲೆಕ್ಕ ತೋರಿಸಬೇಕು. ಇಂಗಿನ ರಾಳ ಬಹುಮಟ್ಟಿಗೆ ಹೊರಗಿನಿಂದಲೇ ಬರುವುದನ್ನು ನೆನೆದರೆ, ಆ ಚಿಟಿಕೆ ಇಲ್ಲಿಯೂ ತಲೆ ಹಾಕುತ್ತದೆ.

ಕಾಮಾಕ್ಷಿಪಾಳ್ಯದ ಆ ಮೇಡಂ ಕೊನೆಗೆ ಅಕ್ಕಿಹಿಟ್ಟು ಬೆರೆಸಿದ ಇಂಗು ಕೊಡುವ ಪೂರೈಕೆದಾರರನ್ನು ಹುಡುಕಿದರು. ಗೋಧಿಯಿಲ್ಲವೆಂಬ ಲಿಖಿತ ಹೇಳಿಕೆಯನ್ನೂ ಪ್ರತಿ ಲಾಟಿನ ಪರೀಕ್ಷಾ ವರದಿಯನ್ನೂ ಕೇಳಿ ಪಡೆದರು. ಹುರಿಯುವ ಬಾಂಡ್ಲಿಗಳನ್ನು ಬೇರೆ ಮಾಡಿದರು. ಪ್ರತಿ ಬ್ಯಾಚಿಗೆ ಒಂದು ಪುಟದಂತೆ ನೋಟ್‌ಬುಕ್ ಇಟ್ಟರು: ಮೆಣಸಿನಕಾಯಿ ಯಾರಿಂದ, ಎಳ್ಳು ಯಾವ ಮೂಟೆಯಿಂದ, ಯಾವ ಪೆಟ್ಟಿಗೆ ಯಾರಿಗೆ ಹೋಯಿತು. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ತೋರಿಸಬೇಕೆಂದು ಯುರೋಪಿನ ಆಹಾರ ಕಾನೂನು ಕೇಳುವುದೂ ಇದನ್ನೇ. 500 ಕಿಲೋ ಹೊರಟದ್ದು ಅಂದುಕೊಂಡದ್ದಕ್ಕಿಂತ ನಾಲ್ಕು ತಿಂಗಳು ತಡವಾಗಿ, ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ಚೆನ್ನೈ ಬಂದರಿನ ದಾರಿಯಲ್ಲಿ, ಬೇರೆಯವರ ಸರಕಿನ ಜೊತೆ ಹಂಚಿಕೊಂಡ ಕಂಟೇನರಿನಲ್ಲಿ. ಹೋದ ತಿಂಗಳು ಅವರು ಮತ್ತೆ ಫೋನ್ ಮಾಡಿದ್ದರು. ಜರ್ಮನಿಯಿಂದ ವಿಚಾರಣೆ ಬಂದಿದೆಯಂತೆ. ಈ ಸಲ ಪಟ್ಟಿ ಕೇಳಲಿಲ್ಲ. "ಸಾಸಿವೆ ಯಾವ ಊರಿಂದ ಬರ್ತದೆ ಅಂತ ಬರೆದಿಟ್ಟಿದ್ದೀನಿ ಸರ್, ಬೆಲ್ಲದ ಗಾಣದವರೇ ಇನ್ನೂ ಬಾಯಿ ಬಿಡ್ತಾ ಇಲ್ಲ" ಎಂದರು.